ಇಡ್ಲಿ ತಟ್ಟೆಯಲ್ಲಿ ಕಾರ್ಬ್ಯುರೇಟರ್

ಬೆಳಕು ಹರಿಯುವ ಮೊದಲು ಅಗಾತಾ ಮುಗಿಸಬೇಕಾದದ್ದು ಇಷ್ಟು: ದೋಸೆ ಹುಯ್ಯುವುದು, ಎರಡು ಡಬ್ಬಿ ಕಟ್ಟುವುದು, ಕಿಟಕಿ ಸಂದಿಯಿಂದ ನುಗ್ಗಿದ ಮರಳು ಒರೆಸುವುದು, ಮಗಳು ಹೇಜಲಳನ್ನು ಎಬ್ಬಿಸಿ ಐದೂಕಾಲರ ದೋಹಾದ ಶಾಲಾ ಬಸ್ಸಿಗೆ ಹತ್ತಿಸುವುದು, ಗಂಡ ಫಿಡೆಲಿಸನ ಗಡ್ಡ ಹೆರೆಯುವುದು, ಅವನ ಅಂಗಿಯ ಗುಂಡಿ ಹಾಕುವುದು. ಕಾರ್ಬ್ಯುರೇಟರ್ ಮನೆಗೆ ಬಂದ ದಿನ ಅದನ್ನು ಜೋಡಿಸುವುದೂ ಸೇರಿ.

ಫಿಡೆಲಿಸನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಬೆನ್ನುನೋವೆಂದು ಹೇಳಿ ಅವನು ದುಖಾನ್ ಎಣ್ಣೆ ಕಂಪನಿಯ ದೊಡ್ಡ ವರ್ಕ್‌ಶಾಪಿನಿಂದ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಗಾರ್ಡನ್ ಶೆಡ್ಡಿಗೆ ಬಂದಿದ್ದ. ದೊಡ್ಡ ಬೋಲ್ಟುಗಳನ್ನು ನಡುಗುವ ಕೈಯೂ ಬಿಗಿಯುತ್ತದೆ. ಕಾರ್ಬ್ಯುರೇಟರಿನೊಳಗಿನ ಗುಂಡುಸೂಜಿಯಷ್ಟು ಸಣ್ಣ ಸಾಮಾನು ಮಾತ್ರ ಅವನ ಬೆರಳಿಗೆ ನಿಲ್ಲುತ್ತಿರಲಿಲ್ಲ. ಕಾರ್ಬ್ಯುರೇಟರುಗಳನ್ನೇ ಚೀಲದಲ್ಲಿ ಮನೆಗೆ ತರುತ್ತಿದ್ದ. ರಜೆಯಲ್ಲೂ ಕೆಲಸ ಬಿಡದವನು ಎಂದು ಶೆಡ್ಡಿನಲ್ಲಿ ಹೆಸರಾಯಿತು.

ಮೊದಲ ಸಲ ಅವನು ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿಕೊಟ್ಟಿದ್ದ. ಈಗ ಹೇಳಬೇಕಾಗಿರಲಿಲ್ಲ. ಬಿಚ್ಚಿದ ಸಾಮಾನುಗಳನ್ನು ಅಗಾತಾ ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುತ್ತಿದ್ದಳು. ಪೆಟ್ರೋಲ್ ಹರಿಯುವ ಜೆಟ್ಟಿನ ತೂತಿಗೆ ಮರಳು ಕಟ್ಟಿಕೊಂಡರೆ ಸೂಜಿ ಹಾಕುತ್ತಿರಲಿಲ್ಲ, ತೂತು ದೊಡ್ಡದಾಗುತ್ತದೆ. ಹಳೆಯ ವೈರಿನ ತಾಮ್ರದ ಒಂದೇ ಎಳೆ ಸಾಕು. ಮದುವೆಗೆ ಮೊದಲು ಹನ್ನೊಂದು ವರ್ಷ ಲೇಸು ಹೆಣೆದ ಬೆರಳುಗಳು ಅವು.

2006ರ ನವೆಂಬರಿನಲ್ಲಿ ಕಂಪನಿ ಕ್ಲಬ್ಬಿನ ಹುಲ್ಲು ಕತ್ತರಿಸುವ ಹಳೆಯ ಟ್ರ್ಯಾಕ್ಟರ್ ನಿಂತುಹೋಯಿತು. ಅದರ ಕಾರ್ಬ್ಯುರೇಟರ್ ಮನೆಗೆ ಬಂದ ಶುಕ್ರವಾರವೇ ಫೋರ್‌ಮನ್ ಶರೀಫ್ ಊಟಕ್ಕೆ ಬಂದ. ಅವನೂ ಮಂಗಳೂರಿನವನೇ, ಫಿಡೆಲಿಸನಿಗಿಂತ ಚಿಕ್ಕವನು; ಊರಿನ ರೂಢಿಯಂತೆ ಕ್ರಿಶ್ಚಿಯನ್ ಗಂಡಸಿಗೆ ಪೊರ್ಬು, ಹೆಂಗಸಿಗೆ ಬಾಯಮ್ಮ ಎನ್ನುತ್ತಿದ್ದ.

"ಪೊರ್ಬುಗಳೇ, ಈ ಟ್ರ್ಯಾಕ್ಟರ್ ಭಾನುವಾರ ಸ್ಟಾರ್ಟ್ ಆದ್ರೆ ನಿಮ್ಗೆ ಗಾರ್ಡನ್ ಖಲಾಸ್," ಎಂದ. "ಫೈರ್ ಸೆಕ್ಷನ್ನಿಗೆ ನಿಮ್ಮ ಹೆಸರು ನಾನೇ ಕೊಟ್ಟಿದ್ದೇನೆ. ಬೆಂಕಿ ಬಿದ್ರೆ ನೀರು ಎತ್ತುವ ಪಂಪುಗಳು. ಅದಕ್ಕೆ ನಿಮ್ಮಂಥ ಕೈಯೇ ಬೇಕು ಮಾರಾಯ್ರೆ."

ಫಿಡೆಲಿಸ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

"ಬಾಯಮ್ಮ, ಅಡುಗೆಮನೆಯಲ್ಲಿ ಪೆಟ್ರೋಲ್ ವಾಸನೆ ಉಂಟಲ್ಲ. ಮೀನಿಗೆ ಅದನ್ನೇ ಹಾಕುವುದಾ ಹೇಗೆ?" ಎಂದು ಶರೀಫ್ ಅಗಾತಾಳನ್ನು ಕೇಳಿದ.

ಅಗಾತಾ ಉತ್ತರಿಸುವ ಮೊದಲೇ ಫಿಡೆಲಿಸ್ ನಕ್ಕ. "ಅವಳಿಗೆ ಸೌಟು ಯಾವುದು ಸ್ಪ್ಯಾನರ್ ಯಾವುದು ಗೊತ್ತಿಲ್ಲ ಮಾರಾಯ. ಅಲ್ಲಿ ಕೂತು ಕೆಲಸ ಮಾಡುವುದು ನಾನು."

ಅವಳು ಶರೀಫನ ತಟ್ಟೆಗೆ ಇನ್ನೊಂದು ತುಂಡು ಅಂಜಲ್ ಮೀನು ಹಾಕಿದಳು.

ಶರೀಫ್ ಹೋದಮೇಲೆ ಕೇಳಿದಳು: "ಬೇಡ ಅಂತ ಯಾಕೆ ಹೇಳಲಿಲ್ಲ?"

"ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತಾರೆ. ಮತ್ತೆ ಮೆಡಿಕಲ್ ಟೆಸ್ಟು. ಅನ್‌ಫಿಟ್ ಅಂತ ಬರೆದ್ರೆ ಮೂರೂ ಜನ ಊರಿಗೆ ಪೆಟ್ಟಿಗೆ ಕಟ್ಟಬೇಕು. ಹೇಜಲಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮಾರ್ಚಿನಲ್ಲಿ."

"ಪಂಪು ಚೀಲದಲ್ಲಿ ಮನೆಗೆ ಬರುವುದಿಲ್ಲ."

"ಅದು ಆಗ ನೋಡುವ. ಈಗ ಇದೊಂದು ಮಾಡಿಕೊಡು."

ಇದೊಂದು ಎಂದು ಅವನು ಪ್ರತಿ ಸಲವೂ ಹೇಳಿದ್ದ. ಸುಳ್ಳು ಅವನೊಬ್ಬನದೆಂದು ಅಗಾತಾ ಹೇಳುವಂತಿರಲಿಲ್ಲ. ಅದನ್ನು ಎರಡು ವರ್ಷ ಸ್ಕ್ರೂ ಬಿಗಿದು ನಿಲ್ಲಿಸಿದವಳು ಅವಳೇ. ಹುಲ್ಲು ಕತ್ತರಿಸುವ ಯಂತ್ರ ನಿಂತರೆ ಹುಲ್ಲು ಬೆಳೆಯುತ್ತದೆ, ಅಷ್ಟೆ. ಪಂಪು ನಿಂತರೆ? ಬೆಂಕಿಯ ಮುಂದೆ ನಿಲ್ಲುವವರಿಗೂ ಬೆಳಿಗ್ಗೆ ಯಾರೋ ಡಬ್ಬಿ ಕಟ್ಟಿಕೊಟ್ಟಿರುತ್ತಾರೆ.

ಶುಕ್ರ-ಶನಿವಾರದ ರಜೆ ಮುಗಿದು ಭಾನುವಾರ ನಾಲ್ಕಕ್ಕೆ ಎದ್ದಳು. ದೋಸೆಯಾಯಿತು, ಡಬ್ಬಿಯಾಯಿತು. ಹೇಜಲ್ ಬಸ್ಸಿನ ಮೆಟ್ಟಿಲಲ್ಲಿ ತಿರುಗಿ, "ಮಮ್ಮಿ, ಟ್ಯೂಷನ್ ಉಂಟು, ಲೇಟಾಗ್ತದೆ," ಎಂದಳು. ಅಗಾತಾ ಒಳಗೆ ಬಂದು ಗಂಡನ ಗಡ್ಡ ಹೆರೆದಳು. ಅವನು ಮಗುವಿನಂತೆ ಗಲ್ಲ ಎತ್ತಿ ಕೊಟ್ಟ. ಈ ಸಲವೂ ಕತ್ತಿನ ಹತ್ತಿರ ಒಂದೂ ಗಾಯವಾಗಲಿಲ್ಲ.

ಅವನು ಸ್ನಾನಕ್ಕೆ ಹೋದ. ಅಡುಗೆಮನೆಯ ಕಟ್ಟೆಯ ಮೇಲೆ ಇಡ್ಲಿ ತಟ್ಟೆ ಇತ್ತು. ಜೆಟ್ಟು, ಫ್ಲೋಟು, ಸೂಜಿ, ಪಿನ್ನು, ಎಲ್ಲವನ್ನೂ ನಿನ್ನೆಯೇ ತೊಳೆದು ಒಣಗಿಸಿದ್ದಳು. ಜೋಡಿಸಲು ಹತ್ತು ನಿಮಿಷ ಸಾಕು. ಪಿನ್ನನ್ನು ಎತ್ತಿಕೊಂಡಳು. ಬೆರಳಿನಲ್ಲಿ ಅದು ಒಂದಿಷ್ಟೂ ಅಲುಗಲಿಲ್ಲ. ಬಚ್ಚಲಲ್ಲಿ ಅವನ ಕೈಯ ಚೊಂಬು ಬಕೆಟ್ಟಿನ ಅಂಚಿಗೆ ಟಕಟಕ ಬಡಿಯುತ್ತಿತ್ತು.

ಮಾರ್ಚಿಗೆ ನಾಲ್ಕು ತಿಂಗಳು. ಹೇಜಲಳನ್ನು ದೋಹಾದ ಅಲ್ ಸದ್ದಿನಲ್ಲಿರುವ ಗೆಳತಿ ಜರ್ಟ್ರೂಡಳ ಮನೆಯಲ್ಲಿ ಬಿಡಬಹುದೋ ಏನೋ, ಕೇಳಬೇಕು. ಅಪ್ಪನ ಕೆಲಸ ಹೋದರೆ ಅವಳ ವೀಸಾದ ಕತೆ ಏನೋ, ಗೊತ್ತಿಲ್ಲ. ಅವನು ತನ್ನ ಜೊತೆ ಮತ್ತೆ ಮಾತಾಡುತ್ತಾನೋ ಇಲ್ಲವೋ, ಅದೂ ಗೊತ್ತಿಲ್ಲ.

ಪಿನ್ನನ್ನು ಜೋಡಿಸದೆ ಅದರ ಗುಳಿಯಲ್ಲೇ ಮತ್ತೆ ಇಟ್ಟಳು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಒಂದೂ ಸಾಮಾನು ಕಳೆದುಹೋಗದ ಹಾಗೆ ಟವಲಿನಿಂದ ಬಿಗಿಯಾಗಿ ಕಟ್ಟಿದಳು. ಗಂಡನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಅದನ್ನಿಟ್ಟು ಜಿಪ್ ಎಳೆದಳು. ಆಮೇಲೆ ಅವನ ಅಂಗಿ ಹಿಡಿದುಕೊಂಡು ಬಚ್ಚಲಿನ ಬಾಗಿಲ ಬಳಿ ನಿಂತಳು.