ಹೇಮಕ್ಕನ ದನಿ, ಸೌಮ್ಯಳ ಮಾತು

ಲಗ್ಗೆರೆಯಲ್ಲಿ ನಮ್ಮ ಕ್ರೈಸ್ತ ಸಭೆ ಕೂಡುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಶೀಟು ಹೊದಿಸಿದ ಹಾಲ್‌ನಲ್ಲಿ. ಭಾನುವಾರ ಮೈಕು ಕೈಕೊಟ್ಟರೆ ನಾವ್ಯಾರೂ ಗಾಬರಿಯಾಗುತ್ತಿರಲಿಲ್ಲ. ಹೇಮಲತಾ ಎದ್ದು ನಿಂತರೆ ಸಾಕು, ಕೆಳಗೆ ಪೈಪು ಕೊಳ್ಳಲು ಬಂದವರಿಗೂ ಪ್ರಾರ್ಥನೆ ಕೇಳಿಸುತ್ತಿತ್ತು. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳು ಲೈನ್ ಸೂಪರ್‌ವೈಸರ್. ಹೊಲಿಗೆ ಮಷಿನ್‌ಗಳ ಗದ್ದಲದ ಮೇಲೆ ವರ್ಷಗಟ್ಟಲೆ ಕೂಗಿ ಕೂಗಿ ಅವಳ ಗಂಟಲು ಪಳಗಿತ್ತು.

ನಾನು ಅವಳಿಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು. ಈಗಲೂ ಅವಳು ನನ್ನನ್ನು ಟೀಚರ್ ಅಂತಲೇ ಕರೆಯುತ್ತಾಳೆ. ಅವಳಪ್ಪ ಪೀಣ್ಯದ ಫೌಂಡ್ರಿಯಲ್ಲಿ ದುಡಿದು ದುಡಿದು ಎದೆನೋವಿನಿಂದ ಬೇಗ ತೀರಿಕೊಂಡ. ತಮ್ಮಂದಿರಿಬ್ಬರನ್ನು ದಡ ಮುಟ್ಟಿಸುವಷ್ಟರಲ್ಲಿ ಅವಳ ಮದುವೆಯ ಮಾತು ಹಿಂದೆ ಬಿತ್ತು. ಅದಕ್ಕೆ ಅವಳು ಕೊರಗಿದ್ದನ್ನು ನಾನು ಕಂಡಿಲ್ಲ. ಸಭೆಯ ಯುವಜನರ ಕೂಟವೇ ಅವಳ ಸಂಸಾರವಾಯಿತು. ಆರಾಧನೆ ಮುಗಿದ ಮೇಲೆ ಪ್ರತಿ ಭಾನುವಾರ ಮೂವತ್ತು ನಲವತ್ತು ಹುಡುಗ ಹುಡುಗಿಯರು ಅಲ್ಲೇ ಉಳಿಯುತ್ತಿದ್ದರು. ಹೆಚ್ಚಿನವರು ಬೀದರ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿ ಇದ್ದವರು. ಎಲ್ಲರಿಗೂ ಅವಳು ಹೇಮಕ್ಕ. ಯಾರಿಗಾದರೂ ಜ್ವರ ಬಂದರೆ ಗಂಜಿ ಹಿಡಿದು ಹೋಗುವವಳು ಅವಳು, ಕೆಲಸ ಹೋದವನನ್ನು ಕರೆದುಕೊಂಡು ಫ್ಯಾಕ್ಟರಿ ಗೇಟುಗಳನ್ನು ಅಲೆಯುವವಳೂ ಅವಳೇ. ಆದರೆ ಯಾರು ಹಾಡಬೇಕು, ಯಾರು ಎಲ್ಲಿ ಕೂರಬೇಕು, ಯಾರು ಯಾವ ಕೋರ್ಸು ಓದಬೇಕು ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ಮಕ್ಕಳ ಮೇಲೆ ಪ್ರಾಣವನ್ನೇ ಇಟ್ಟಿದ್ದಳು, ಆದರೆ ಅವರನ್ನು ಕೇಳುವುದು ಅಂತ ಇರಲಿಲ್ಲ, ಹೇಳುವುದಷ್ಟೇ.

ಒಂದು ವರ್ಷ ಅವಳ ಲೈನಿಗೆ ಕಿವಿ ಕೇಳಿಸದ ನಾಲ್ವರು ಆಪರೇಟರ್‌ಗಳನ್ನು ಹಾಕಿದರು. ಹೇಮಲತಾಳ ಕೂಗು ಮೊದಲ ಸಲ ಕೆಲಸಕ್ಕೆ ಬಾರದೆ ಹೋಯಿತು. ಅವಳು ಮೇಜು ಗುದ್ದಿದಳು, ಕೈ ಬೀಸಿದಳು. ಒಂದು ದಿನ ಕಾಲರ್ ತಿರುಗಾಮುರುಗಾ ಹೊಲಿಯುತ್ತಿದ್ದ ಹುಡುಗಿಯನ್ನು ನಿಲ್ಲಿಸಲು ಹಿಂದಿನಿಂದ ಹೋಗಿ ಭುಜ ಹಿಡಿದಳು. ಹುಡುಗಿ ಬೆಚ್ಚಿಬಿದ್ದಳು, ಸೂಜಿ ಅವಳ ಬೆರಳಿನ ಉಗುರನ್ನು ತೂರಿಕೊಂಡು ಹೋಯಿತು. ಆ ಹುಡುಗಿಯೇ ಸೌಮ್ಯ.

ಫ್ಯಾಕ್ಟರಿಯ ಕ್ಲಿನಿಕ್ಕಿಗೆ ಹೇಮಲತಾಳೇ ಕರೆದುಕೊಂಡು ಹೋದಳು. ನರ್ಸು ಗಾಯ ತೊಳೆಯುವಾಗ ಸೌಮ್ಯ ಅಳಲಿಲ್ಲ. ಸರಿಯಿದ್ದ ಕೈಯಿಂದ ಹೇಮಲತಾಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು, ಆಮೇಲೆ ತನ್ನ ಕಣ್ಣು ತೋರಿಸಿದಳು. ಮುಂದೆ ಬಾ, ನನ್ನ ಕಣ್ಣಿಗೆ ಕಾಣಿಸು ಎಂಬುದು ಅದರ ಅರ್ಥ. ಹೇಮಲತಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನದಿಂದ ಅವಳು ಊಟದ ಹೊತ್ತಿನಲ್ಲಿ ಆ ನಾಲ್ವರ ಪಕ್ಕ ಡಬ್ಬಿ ಬಿಚ್ಚತೊಡಗಿದಳು. ಅನ್ನಕ್ಕೆ ಯಾವ ಸನ್ನೆ, ನೀರಿಗೆ ಯಾವುದು, ತಪ್ಪಾಯಿತು ಅನ್ನುವುದು ಹೇಗೆ ಎಂದು ಒಂದೊಂದಾಗಿ ಕಲಿತಳು. ಅವಳ ಬೆರಳುಗಳು ಮೊದಮೊದಲು ಮರಗಟ್ಟಿದಂತೆ ಆಡುತ್ತಿದ್ದವು, ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏನಾದರೂ ಹೇಳುವುದಿದ್ದರೆ ಲೈನಿನ ತುದಿಯಲ್ಲಿ ನಿಂತು ಕೂಗುವುದನ್ನು ಬಿಟ್ಟು ಮಷಿನ್ ಹತ್ತಿರ ಹೋಗಿ, ಎದುರಿಗೆ ಮಂಡಿಯೂರಿ ಕೂತು ಹೇಳುವುದನ್ನು ರೂಢಿ ಮಾಡಿಕೊಂಡಳು. ಕಿವಿ ಕೇಳಿಸುವವರಿಗೂ ಹಾಗೇ ಹೇಳುವುದು ಅಭ್ಯಾಸವಾಗಿ ಆ ಲೈನಿನಲ್ಲಿ ಗದ್ದಲ ಕಡಿಮೆಯಾಯಿತು ಅಂತ ಜೊತೆಯವರು ಹೇಳುತ್ತಿದ್ದರು.

ಸೌಮ್ಯ ಬೀದರ ಜಿಲ್ಲೆಯ ಹುಮನಾಬಾದ್ ಕಡೆಯ ಕ್ರೈಸ್ತ ಮನೆತನದವಳು ಎಂದು ಗೊತ್ತಾದದ್ದು ಆಮೇಲೆ. ಹುಟ್ಟಿದಾಗಿನಿಂದ ಪ್ರತಿ ಭಾನುವಾರ ದೇವಾಲಯಕ್ಕೆ ಹೋಗಿದ್ದಳು, ಬಿಳಿ ಸೀರೆಯ ಹೆಂಗಸರ ನಡುವೆ ಕೂತು ಮುಂದಿನವರ ಬೆನ್ನು ನೋಡಿ ಎದ್ದು ಬಂದಿದ್ದಳು. ಅಲ್ಲಿ ಏನು ಹೇಳುತ್ತಾರೆ ಎಂದು ಇಪ್ಪತ್ತನಾಲ್ಕು ವರ್ಷಗಳಲ್ಲಿ ಯಾರೂ ಅವಳಿಗೆ ತಿಳಿಸಿರಲಿಲ್ಲ. ಹೇಮಲತಾ ಅವಳನ್ನು ನಮ್ಮ ಸಭೆಗೆ ಕರೆತಂದು, ತಾನು ಮುಂದೆ ನಿಂತು, ಪಾಸ್ಟರ್ ದೇವರಾಜ್ ಅವರ ಪ್ರಸಂಗವನ್ನು ತನಗೆ ಬಂದಷ್ಟು ಸನ್ನೆಯಲ್ಲಿ ತಿಳಿಸಿದಳು. ಸೌಮ್ಯಳ ಕಣ್ಣು ಅವಳ ಕೈಯಿಂದ ಕದಲಲಿಲ್ಲ. ತಪ್ಪು ಸನ್ನೆ ಬಂದಾಗ ಕೂತಲ್ಲಿಂದಲೇ ತಿದ್ದುತ್ತಿದ್ದಳು.

ಒಂದು ವರ್ಷದಲ್ಲಿ ಕೂಟದ ಹುಡುಗರಲ್ಲೂ ಕೆಲವರು ಒಂದಷ್ಟು ಸನ್ನೆ ಕಲಿತರು. ಕೀಬೋರ್ಡ್ ನುಡಿಸುವ ವೀರೇಶ್ ಎಲ್ಲರಿಗಿಂತ ಬೇಗ ಕಲಿತ. ಸೌಮ್ಯ ಚುರುಕು, ತುಂಟಿ, ಪ್ರಶ್ನೆ ಕೇಳುವುದರಲ್ಲಿ ಬಿಡದವಳು. ಅದನ್ನು ಗಮನಿಸಿದ ಪಾಸ್ಟರ್, ಯುವಜನರ ಭಾನುವಾರದಂದು ಅವಳೇ ಸಂದೇಶ ಕೊಡಲಿ ಅಂದರು. ಹಿರಿಯರಾದ ಆಶೀರ್ವಾದಪ್ಪನವರಿಗೆ ಅದು ಹಿಡಿಸಲಿಲ್ಲ. ಮಾತು ಬಾರದ ಮಗು, ಪಾಪ, ಅದನ್ನು ಅಷ್ಟು ಜನರ ಮುಂದೆ ನಿಲ್ಲಿಸಿ ಯಾಕೆ ಕಷ್ಟ ಕೊಡಬೇಕು ಎಂದು ಕೇಳಿದರು. ಹೇಮಲತಾ ತಾನು ಪಕ್ಕದಲ್ಲಿ ನಿಂತು ದನಿಯಾಗುತ್ತೇನೆ ಎಂದು ಒಪ್ಪಿಸಿದಳು.

ಅಂದು ಸೌಮ್ಯ ಆರಿಸಿಕೊಂಡದ್ದು ನಮ್ಮ ಮಕ್ಕಳಿಗೂ ಗೊತ್ತಿರುವ ಸಂಗತಿ. ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತಂದು, ಜನಜಂಗುಳಿಯಲ್ಲಿ ಬಾಗಿಲು ದಾಟಲಾಗದೆ, ಮನೆಯ ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಕಥೆ. ಅವಳ ಕೈಗಳು ಆಡಿದವು, ಹೇಮಲತಾ ಮಾತಾಡಿದಳು. ಆ ನಾಲ್ವರದು ಎಂಥ ಸ್ನೇಹ, ಎಂಥ ಪ್ರೀತಿ, ನನ್ನನ್ನೂ ಈ ಸಭೆ ಹಾಗೆಯೇ ಹೊತ್ತು ತಂದಿದೆ, ನಾನು ನಿಮಗೆಲ್ಲ ಋಣಿ ಎಂದು ಹೇಮಲತಾಳ ದನಿ ಹಾಲ್ ತುಂಬಿತು. ನಾವೆಲ್ಲ ಕಣ್ಣೊರೆಸಿಕೊಂಡೆವು. ಆಶೀರ್ವಾದಪ್ಪನವರು ಗಟ್ಟಿಯಾಗಿ ಸ್ತೋತ್ರ ಹೇಳಿದರು. ಸೌಮ್ಯ ನಡುವೆ ಕೈ ನಿಲ್ಲಿಸಿದಳು. ನಮ್ಮ ಮುಖಗಳನ್ನು ನೋಡಿದಳು, ಹೇಮಲತಾಳನ್ನು ನೋಡಿದಳು. ಆಮೇಲೆ ಏನೋ ಚುಟುಕಾಗಿ ಹೇಳಿ ಹೋಗಿ ಕೂತುಬಿಟ್ಟಳು.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳು ಹೇಮಲತಾಳನ್ನು ತಡೆದಳು. ಸನ್ನೆಯಲ್ಲಿ ಅವಳು ಕೇಳಿದ್ದು ಇಷ್ಟು: "ಅಕ್ಕ, ನಾನು ಹೇಳಿದ್ದು ಸ್ವಲ್ಪ, ನೀನು ಮಾತಾಡಿದ್ದು ತುಂಬಾ. ನಾನು ಅಳೋ ಅಂಥದ್ದು ಏನೂ ಹೇಳ್ಲಿಲ್ಲ. ಅವರು ಯಾಕೆ ಅತ್ರು?"

ಜನ ಬೇಜಾರು ಮಾಡಿಕೊಳ್ಳುತ್ತಾರೆ, ನಿನ್ನ ಒಳ್ಳೆಯದಕ್ಕೇ ಸ್ವಲ್ಪ ಬದಲಾಯಿಸಿ ಹೇಳಿದೆ ಎಂದಳು ಹೇಮಲತಾ. ಸೌಮ್ಯ ಎರಡೂ ಕೈಗಳನ್ನು ದುಪಟ್ಟಾದೊಳಗೆ ಕಟ್ಟಿಕೊಂಡಳು. ಅವಳ ಮಟ್ಟಿಗೆ ಅದು ಬಾಯಿ ಮುಚ್ಚಿಕೊಂಡಂತೆ. ಮುಂದಿನ ಮೂರು ನಾಲ್ಕು ದಿನ ಫ್ಯಾಕ್ಟರಿಯಲ್ಲೂ ಅವಳು ಕೆಲಸದ ವಿಷಯ ಬಿಟ್ಟರೆ ಬೇರೇನೂ ಹೇಳಲಿಲ್ಲ.

ಹೇಮಲತಾ ಸಿಟ್ಟಿನಿಂದಲೇ ನಮ್ಮ ಮನೆಗೆ ಬಂದಳು. "ನಾನಿಲ್ದಿದ್ರೆ ಅವಳನ್ನ ಅಲ್ಲಿ ಯಾರು ನಿಲ್ಲಿಸ್ತಿದ್ರು ಟೀಚರ್?" ಎಂದು ಕೇಳಿದಳು. ಸೌಮ್ಯ ನಿಜಕ್ಕೂ ಏನು ಹೇಳಿದ್ದಳು ಎಂದು ನಾನು ವಿಚಾರಿಸಿದೆ. ಅವಳು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಆ ದೊಡ್ಡ ದನಿ ತಗ್ಗುತ್ತಾ ಬಂತು, ಕೊನೆಗೆ ನಿಂತೇ ಹೋಯಿತು. "ಹಾಸಿಗೆ ಹೊತ್ತ ಆ ನಾಲ್ಕು ಜನದಲ್ಲಿ ನಾನೂ ಒಬ್ಳು ಅಲ್ವಾ" ಎಂದಳು.

ಮರುದಿನ ಅವಳು ಸೌಮ್ಯಳ ರೂಮಿಗೆ ಹೋದಳು. ಬರುವ ಭಾನುವಾರ ನಿನ್ನ ಮಾತನ್ನು ಇದ್ದ ಹಾಗೆ ಹೇಳಲೇ ಎಂದು ಕೇಳಿದಳು. ಸೌಮ್ಯ ಬೇಗ ಒಪ್ಪಲಿಲ್ಲ. ಒಪ್ಪಿದ ಮೇಲೂ ಒಂದು ಕರಾರು ಹಾಕಿದಳು. ಹೇಳುವಾಗ ಹೇಮಲತಾ ಅಳಬಾರದು, ಅತ್ತರೆ ಜನ ಅವಳನ್ನೇ ನೋಡುತ್ತಾರೆ.

ಹೀಗಾಗಿ ಮುಂದಿನ ಭಾನುವಾರ ಇಬ್ಬರೂ ಮತ್ತೆ ಮುಂದೆ ಬಂದರು. ಹೋದ ವಾರ ನಾನು ಸೌಮ್ಯಳ ಮಾತಿಗೆ ನನ್ನ ಮಾತು ಸೇರಿಸಿದ್ದೆ, ಅವಳು ಹೇಳಿದ್ದನ್ನು ಬಿಟ್ಟಿದ್ದೆ, ಈಗ ಅವಳದನ್ನು ಮಾತ್ರ ಕೇಳಿ ಎಂದಷ್ಟೇ ಹೇಮಲತಾ ಹೇಳಿದಳು. ಆಮೇಲೆ ಸೌಮ್ಯಳ ಕೈಗಳನ್ನು ನೋಡುತ್ತಾ, ಅವು ನಿಂತಲ್ಲಿ ನಿಲ್ಲುತ್ತಾ, ಒಂದೊಂದಾಗಿ ಒಪ್ಪಿಸಿದಳು:

"ನಾಲ್ಕು ಜನ ಒಳ್ಳೆಯವರು. ಆದ್ರೆ ಹೊರಡೋಕೆ ಮುಂಚೆ, ಬರ್ತೀಯಾ ಅಂತ ಅವನನ್ನ ಕೇಳಿದ್ರಾ? ಅಷ್ಟು ಜನರ ತಲೆ ಮೇಲೆ ಹಗ್ಗದಲ್ಲಿ ಇಳಿಯುವಾಗ ಅವನಿಗೆ ನಾಚಿಕೆ ಆಗಿರಬಹುದು. ನನ್ನನ್ನೂ ತುಂಬಾ ಜನ ಹೊತ್ತಿದಾರೆ. ಇಲ್ಲಿ ಕೂತ್ಕೋ, ಇದು ತಿನ್ನು, ಇದು ನಿಂಗೆ ಒಳ್ಳೇದು ಅಂತಾರೆ. ಯೇಸು ಏನ್ ಮಾಡಿದ ನೋಡಿ. ಆ ನಾಲ್ವರ ಹತ್ರ ಅವನ ವಿಷಯ ವಿಚಾರಿಸ್ತಾ ಕೂರ್ಲಿಲ್ಲ. ಮಲಗಿದ್ದವನ ಜೊತೆನೇ ಮಾತಾಡಿದ."

ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಕೆಲವರ ಮುಖ ಬಿಗಿಯಾಯಿತು, ಅದನ್ನೂ ಹೇಳಬೇಕು. ಸೌಮ್ಯ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದಳು. ತನ್ನ ಮಾತು ತಲುಪಿದೆ ಎಂದು ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ, ಮೆಲ್ಲಗೆ ನಕ್ಕಳು.

ಆಶೀರ್ವಾದಪ್ಪನವರ ಹೆಂಡತಿ ಶ್ಯಾಮಲಮ್ಮನವರಿಗೆ ಮೂರು ವರ್ಷದ ಹಿಂದೆ ಲಕ್ವಾ ಹೊಡೆದಿತ್ತು. ಪ್ರತಿ ವಾರ ಇಬ್ಬರು ಹುಡುಗರು ಅವರನ್ನು ಕುರ್ಚಿ ಸಮೇತ ಮೆಟ್ಟಿಲು ಹತ್ತಿಸಿ ಎಲ್ಲರಿಗಿಂತ ಮುಂದೆ, ಸ್ಪೀಕರಿನ ಪಕ್ಕ ಕೂರಿಸುತ್ತಿದ್ದರು. ಅದು ಗೌರವದ ಜಾಗ ಎಂದು ಗಂಡನ ಎಣಿಕೆ. ಆ ಭಾನುವಾರ ಮನೆಗೆ ಹೋದ ಮೇಲೆ ಅವರು ಹೆಂಡತಿಯ ಪಕ್ಕ ಕೂತು, ನಿನಗೆ ಎಲ್ಲಿ ಕೂರಬೇಕು ಅನ್ನಿಸುತ್ತದೆ ಎಂದು ಕೇಳಿದರಂತೆ. ಶ್ಯಾಮಲಮ್ಮ ತೊದಲುತ್ತಾ, ಆ ಸ್ಪೀಕರಿನಿಂದ ತಲೆ ಸಿಡಿಯುತ್ತದೆ, ಎಲ್ಲರೂ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಾರೆ, ಕಿಟಕಿ ಪಕ್ಕ ಹೆಂಗಸರ ಜೊತೆ ಕೂರಿಸಿ ಅಂದರಂತೆ. ಮುಂದಿನ ವಾರದಿಂದ ಅವರ ಕುರ್ಚಿ ಕಿಟಕಿ ಪಕ್ಕಕ್ಕೆ ಬಂತು. ಈಗ ಪ್ರಸಂಗದ ನಡುವೆ ಅವರು ಪಕ್ಕದವರ ಜೊತೆ ಪಿಸುಗುಡುವುದನ್ನು ನಾನು ನೋಡುತ್ತಿರುತ್ತೇನೆ.

ಜೂನ್‌ನಲ್ಲಿ ಕೂಟಕ್ಕೆ ಹೊಸ ನಾಯಕರನ್ನು ಆರಿಸಬೇಕಿತ್ತು. ಹೇಮಲತಾ ಮೊದಲು ಸೌಮ್ಯಳ ಹತ್ತಿರ ಹೋಗಿ, ನಿನ್ನ ಹೆಸರು ಹೇಳಲೇ ಎಂದು ಕೇಳಿದಳು. ಎರಡು ದಿನ ಯೋಚಿಸಿ ಸೌಮ್ಯ ಒಪ್ಪಿದಳು. ಕಮಿಟಿಯಲ್ಲಿ ಯಾರೋ ತಕರಾರು ತೆಗೆದಾಗ ಆಶೀರ್ವಾದಪ್ಪನವರೇ ಎದ್ದರು. "ಆ ಮಗೀಗೆ ಮಾತು ಬರಲ್ಲ ಅಂತ ನಾನೇ ಅಂದಿದ್ದೆ. ಮಾತು ಬರ್ತದೆ. ನಮ್ಗೇ ಕೇಳ್ತಿರ್ಲಿಲ್ಲ" ಎಂದರು.

ಸೌಮ್ಯ ನಾಯಕಿಯಾದ ಮೇಲೆ ಕೂಟದ ರೀತಿ ಬದಲಾಯಿತು. ಎಲ್ಲರ ಮುಖ ಎಲ್ಲರಿಗೂ ಕಾಣುವ ಹಾಗೆ ಕುರ್ಚಿಗಳು ದುಂಡಗೆ ಬಂದವು. ಒಬ್ಬರು ಮುಗಿಸಿದ ಮೇಲೇ ಇನ್ನೊಬ್ಬರು ಕೈ ಎತ್ತಿ ಶುರು ಮಾಡಬೇಕು. ಎಂದೂ ಬಾಯಿ ಬಿಡದ ಹುಡುಗರಿಗೂ ಹಾಗೆ ಸರದಿ ಸಿಕ್ಕಿತು. ಹೇಮಲತಾ ಬೇಗ ಬಂದು ಕುರ್ಚಿ ಹಾಕುತ್ತಿದ್ದಳು, ಸೌಮ್ಯಳ ಮುಖಕ್ಕೆ ಬೆಳಕು ಬೀಳುವ ಹಾಗೆ ನೋಡಿಕೊಳ್ಳುತ್ತಿದ್ದಳು, ಆಮೇಲೆ ಅವಳ ದನಿಯಾಗಿ ನಿಲ್ಲುತ್ತಿದ್ದಳು. ಇದು ಅವಳಿಗೆ ಸುಲಭವಾಗಿರಲಿಲ್ಲ. ನಡುವೆ ತನ್ನದೊಂದು ಮಾತು ಸೇರಿಸಲು ನಾಲಿಗೆ ತುರಿಸುತ್ತದೆ ಟೀಚರ್, ತುಟಿ ಕಚ್ಚಿಕೊಳ್ಳುತ್ತೇನೆ ಎಂದು ನನ್ನ ಹತ್ತಿರ ಹೇಳಿಕೊಂಡಳು.

ನಿಜವಾದ ಪರೀಕ್ಷೆ ಬಂದದ್ದು ಕ್ರಿಸ್‌ಮಸ್‌ಗೆ ಮುಂಚೆ. ಬಯಲಿನಲ್ಲಿ ದೊಡ್ಡ ವೇದಿಕೆ ಹಾಕಿಸಿ ಹಾಡು, ನಾಟಕ, ಬಣ್ಣದ ದೀಪ ಎಲ್ಲ ಮಾಡಬೇಕೆಂದು ಹೇಮಲತಾಳಿಗೆ ಬಹಳ ಆಸೆ. ಕೂಟದಲ್ಲಿ ಅದನ್ನು ಸನ್ನೆ ಸಮೇತ ಹುರುಪಿನಿಂದ ವಿವರಿಸಿದಳು. ಸೌಮ್ಯ ಪೂರ್ತಿ ನೋಡಿಕೊಂಡು, ಉತ್ತರ ಕೊಡಲು ಕೈ ಎತ್ತಿದಳು. ಹೇಮಲತಾ ಅದಕ್ಕೂ ದನಿಯಾಗಬೇಕಾಯಿತು. "ಹೇಮಕ್ಕನ ಪ್ಲಾನು ನನಗೆ ಇಷ್ಟವಾಗಿಲ್ಲ," ಎಂದು ಹೇಮಲತಾಳೇ ಹೇಳಿದಳು. "ವೇದಿಕೆ ಹಾಕಿದ್ರೆ ಎಲ್ಲರೂ ವೇದಿಕೆ ನೋಡ್ತಾರೆ, ಪಕ್ಕದವರನ್ನ ನೋಡಲ್ಲ."

ಹುಡುಗರು ನಕ್ಕರು. ಸೌಮ್ಯಳೂ ನಕ್ಕಳು. ಮೊದಲು ಕೆಂಪಾಗಿದ್ದ ಹೇಮಲತಾ ಕೊನೆಗೆ ಎಲ್ಲರಿಗಿಂತ ಜೋರಾಗಿ ನಕ್ಕಳು. ನಂತರ ತನ್ನದೇ ಕೈ ಎತ್ತಿ, ತನ್ನ ಸರದಿ ಬಂದಾಗ ವೇದಿಕೆಯ ಪರ ಚೆನ್ನಾಗಿಯೇ ವಾದಿಸಿದಳು. ಎಲ್ಲರನ್ನೂ ಕೇಳಿದಾಗ ಸೌಮ್ಯಳ ಕಡೆಗೇ ಹೆಚ್ಚು ಕೈಗಳೆದ್ದವು. ಹಬ್ಬದ ಹಿಂದಿನ ಭಾನುವಾರ ಕೂಟದವರು ಐದಾರು ಜನರ ಗುಂಪಾಗಿ, ಊರಿಗೆ ಹೋಗಲಾಗದೆ ಉಳಿದ ಕೆಲಸಗಾರರ ಬಾಡಿಗೆ ರೂಮುಗಳಿಗೆ ಹೋಗುವುದೆಂದಾಯಿತು. ಭಾಷಣ ಇಲ್ಲ, ಯಾರನ್ನೂ ನಮ್ಮ ಸಭೆಗೆ ಬನ್ನಿ ಎನ್ನುವುದಿಲ್ಲ. ಒಳಗೆ ಬರಬಹುದಾ ಎಂದು ಕೇಳುವುದು, ಬನ್ನಿ ಎಂದರೆ ಕೂತು ಟೀ ಕುಡಿದು ಮಾತಾಡಿ ಬರುವುದು.

ಸೌಮ್ಯ, ಹೇಮಲತಾ ಇದ್ದ ಗುಂಪಿನಲ್ಲಿ ನಾನೂ ಇದ್ದೆ. ಒಂದೇ ಸಾಲಿನಲ್ಲಿ ಹತ್ತು ಹನ್ನೆರಡು ರೂಮುಗಳಿರುವ ವಠಾರ. ಕೊನೆಯ ರೂಮಿನಲ್ಲಿ, ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸುವ ಪೌಡರ್ ಕೋಟಿಂಗ್ ಕೆಲಸಕ್ಕೆ ಹೋಗುವ ನಾಲ್ವರು ಹುಡುಗರಿದ್ದರು, ಗದಗ ಕಡೆಯವರು. ಮೂವರು ಚಾಪೆ ಹಾಸಿ ಕೂರಿಸಿದರು. ಬಸಲಿಂಗ ಎಂಬ ನಾಲ್ಕನೆಯವನು ಮೂಲೆಯಲ್ಲಿ ಬಟ್ಟೆ ಮಡಚುತ್ತಲೇ ಇದ್ದ. "ಅವಂಗ ಕಿವಿ ಕೇಳಂಗಿಲ್ರಿ, ಯಾರ ಜೋಡಿನೂ ಮಾತಾಡಂಗಿಲ್ಲ," ಎಂದ ಅವರಲ್ಲೊಬ್ಬ.

ಸೌಮ್ಯ ಅವನ ಎದುರಿಗೆ ಹೋಗಿ, ಅವನ ಕಣ್ಣಿಗೆ ಬೀಳುವ ಹಾಗೆ ಕೂತು, ಹೆಸರೇನು ಎಂದು ಸನ್ನೆ ಮಾಡಿದಳು. ಅವನ ಕೈಯಿಂದ ಅಂಗಿ ಜಾರಿತು. ಆಮೇಲೆ ಅವನ ಬೆರಳುಗಳು ಆಡತೊಡಗಿದವು, ಮೊದಲು ತಡವರಿಸಿ, ಮತ್ತೆ ನಿಲ್ಲಿಸಲಾಗದಷ್ಟು ವೇಗವಾಗಿ. ಅವನು ಕಲಿತದ್ದು ಧಾರವಾಡದ ಕಡೆಯ ಕಿವುಡ ಮಕ್ಕಳ ಶಾಲೆಯಲ್ಲಂತೆ. ಎರಡು ವರ್ಷದಿಂದ ಜೊತೆಗಿದ್ದ ಮೂವರು ಬಾಯಿ ಬಿಟ್ಟು ನೋಡುತ್ತಿದ್ದರು.

ಹೇಮಲತಾ ಅಭ್ಯಾಸಬಲದಿಂದ, ಅವನು ಹೇಳುತ್ತಿರುವುದನ್ನು ನಮಗೆ ಹೇಳಲು ಬಾಯಿ ತೆರೆದಳು. ಸೌಮ್ಯ ತಿರುಗಿ ಅವಳಿಗೆ ಏನೋ ಸನ್ನೆ ಮಾಡಿದಳು. ಹೇಮಲತಾ ತಲೆಯಾಡಿಸಿ ಸುಮ್ಮನಾದಳು. ಏನಂದಳು ಎಂದು ನಾನು ಮೆಲ್ಲಗೆ ಕೇಳಿದೆ.

"ಇದು ಅವರಿಬ್ಬರ ಮಾತಂತೆ ಟೀಚರ್," ಎಂದು ಅವಳು ಎದ್ದು ಫ್ಲಾಸ್ಕ್ ತೆಗೆದುಕೊಂಡಳು. ಚಾಪೆಯ ಮೇಲೆ ಲೋಟಗಳನ್ನು ಇಟ್ಟು ಒಂದೊಂದಕ್ಕೇ ಟೀ ಸುರಿದು ಮೊದಲು ಆ ಮೂವರು ಹುಡುಗರಿಗೆ ಕೊಟ್ಟಳು. ಅವರಲ್ಲೊಬ್ಬ ಬಸಲಿಂಗನ ಕಡೆಯಿಂದ ಕಣ್ಣು ತೆಗೆಯದೆ, ಬಾ ಅನ್ನೋದಕ್ಕೆ ಕೈ ಹೆಂಗ ಮಾಡಬೇಕ್ರಿ ಎಂದು ಅವಳನ್ನು ಕೇಳಿದ. ಹೇಮಲತಾ ಫ್ಲಾಸ್ಕನ್ನು ಕೆಳಗಿಟ್ಟು ತೋರಿಸಿಕೊಟ್ಟಳು.