ಡಬ್ಬಿಯ ಮೇಲಿನ ಹೆಸರು

ಮೊನ್ನೆ ಭಟ್ಕಳದ ನಮ್ಮ ಬಾಡಿಗೆ ಮನೆಗೆ ಪಕ್ಕದ ಮನೆಯ ಭಾಭಿ ಬಂದು ಒಂದು ಸ್ಟೀಲ್ ಡಬ್ಬಿ ವಾಪಸು ಕೊಟ್ಟರು. ಅದರಲ್ಲಿ ಒಣ ಸಿಗಡಿ ಚಟ್ನಿ ಹಾಕಿ ಕೊಟ್ಟಿದ್ದೆ. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಒಂದು ಹಿಡಿ ಖರ್ಜೂರ ಇಟ್ಟಿದ್ದರು. ಮುಚ್ಚಳ ತೆಗೆದರೆ ಖರ್ಜೂರದ್ದಲ್ಲ, ಸಿಗಡಿಯದೇ ವಾಸನೆ. ಎಷ್ಟು ತಿಕ್ಕಿದರೂ ಆ ಡಬ್ಬಿಯಿಂದ ಹೊಳೆಯ ವಾಸನೆ ಹೋಗುವುದಿಲ್ಲ. ಡಬ್ಬಿಯ ಬದಿಗೆ ಚುಕ್ಕೆ ಚುಕ್ಕೆಯಾಗಿ ಮೆಷಿನ್ನಿನಲ್ಲಿ ಹೊಡೆಸಿದ ಅಕ್ಷರಗಳ ಮೇಲೆ ಬೆರಳಿಟ್ಟು ಭಾಭಿ ಗಟ್ಟಿಯಾಗಿ ಓದಿದರು.

"ಇದು ನಿಮ್ಮ ಅಮ್ಮನ ಹೆಸರಾ ಟೀಚರ್? ಚಂದ ಉಂಟು."

ಅಲ್ಲ ಎಂದೆ. ಮತ್ತೆ ಯಾರದು ಎಂದು ಕೇಳಿದರು. "ಊರಿನವರದು" ಎಂದಷ್ಟೇ ಹೇಳಿ ಒಳಗೆ ಬಂದೆ.

ಎಷ್ಟೋ ವರ್ಷದ ಮೇಲೆ ಆ ಹೆಸರು ಒಬ್ಬರ ಬಾಯಿಂದ ಕಿವಿಗೆ ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಎರಡು ಹೆಸರಿದ್ದವು, ಎರಡನ್ನೂ ಬರೆಯುವುದಿಲ್ಲ. ಅಘನಾಶಿನಿ ಹೊಳೆದಂಡೆಯ ನಮ್ಮ ಕೇರಿಗೆ ಅವಳು ಮಿಲಿಟರಿ ಅಕ್ಕ. ನನಗೂ ಹಾಗೆಯೇ.

ಅವಳ ತವರು ನಮ್ಮ ಮನೆಯ ಹಿಂದೆಯೇ. ಮದುವೆಗೆ ಮೊದಲು ನೀರು ಇಳಿದ ಹೊತ್ತಿಗೆ ಹೊಳೆಗಿಳಿದು ಕೆಸರಿನೊಳಗಿನ ಬಳಚು ಚಿಪ್ಪು ತೆಗೆಯುವುದರಲ್ಲಿ ಅವಳ ಕೈಗೆ ಸಮ ಯಾರೂ ಇರಲಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಕಾಲಿನಲ್ಲೇ ಕೆಸರು ತಡವಿ ಚಿಪ್ಪು ಎಲ್ಲಿದೆ ಎಂದು ಹೇಳುತ್ತಿದ್ದಳಂತೆ. ಹೊನ್ನಾವರದ ಕಡೆ, ಅಪ್ಸರಕೊಂಡದಿಂದ ಆಚೆಗಿನ ಒಂದು ಊರಿಗೆ ಅವಳನ್ನು ಕೊಟ್ಟರು. ಗಂಡ ಮಿಲಿಟರಿಯಲ್ಲಿದ್ದ, ಆ ಮನೆಗೆ ಒಬ್ಬನೇ ಮಗ. ಪಗಾರದ ಹುಡುಗ ಸಿಕ್ಕಿದನೆಂದು ಕೇರಿಗೆ ಕೇರಿಯೇ ಖುಷಿಪಟ್ಟಿತ್ತು.

ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಆ ಅಕ್ಕಿಯನ್ನು ಮರುದಿನ ಬೇಯಿಸಿ ಉಣ್ಣುತ್ತಾರೆ. ಹೆಸರು ಉಳಿಯುತ್ತದೆ. ಅಕ್ಕನಿಗೂ ಹಾಗೆ ಒಂದು ಹೆಸರು ಬಂತು. ಮಿಲಿಟರಿಯ ದಾಖಲೆಗೆ ಗಂಡ ಬರೆಸಿದ್ದು ಅದನ್ನೇ. ಅವನಿಗೆ ಹೆಂಡತಿ ಎಂದರೆ ಆ ಹೆಸರಿನವಳು.

ಆಮೇಲೆ ಒಮ್ಮೆ ಅಕ್ಕ ತವರಿಗೆ ಬಂದಿದ್ದಾಗ ನಮ್ಮ ಶಾಲೆಯಲ್ಲಿ ಆಧಾರ್ ಮಾಡಿಸುವ ಕ್ಯಾಂಪು ನಡೆಯಿತು. ಕೇರಿಯವರ ಜೊತೆ ಅವಳೂ ಹೋಗಿ ಸಾಲಿನಲ್ಲಿ ನಿಂತಳು. ಹೆಸರೇನು ಎಂದು ಹುಡುಗ ಕೇಳಿದ. ಪಕ್ಕದಲ್ಲಿ ಹೆತ್ತ ತಾಯಿ ನಿಂತಿದ್ದಾಳೆ, ಎದುರಿಗೆ ತಾನು ಅಆಇಈ ಕಲಿತ ಗೋಡೆ. ಬಾಯಿಗೆ ಬಂದದ್ದು ಹುಟ್ಟಿದ ಹೆಸರು. ಅದನ್ನೇ ಹೇಳಿದಳು... ಅದು ತಪ್ಪಾಯಿತೆಂದು ಆಗ ಯಾರಿಗೆ ತಿಳಿಯಬೇಕು!

ಗಂಡ ಸರ್ವೀಸು ಮುಗಿಸಿ ಬಂದು ಹೊನ್ನಾವರದಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದ್ದ. ಒಂದು ಬೆಳಗ್ಗೆ ಚಾ ಕುಡಿಯುತ್ತ ಕುಳಿತವನು ಏಳಲಿಲ್ಲ. ತಿಥಿ ಮುಗಿದ ಮೇಲೆ ಅಕ್ಕ ಮಗಳ ಕೈ ಹಿಡಿದು ತವರಿಗೆ ಬಂದಳು. ಅತ್ತೆ ಹೊಡೆದವಳಲ್ಲ, ಬಯ್ದವಳಲ್ಲ. ಆದರೆ ಆ ಮನೆಯ ಸೊಸೆ ಅಂಗಳ ದಾಟಬಾರದು, ಹೊಳೆ ನೋಡಬಾರದು, ಪೇಟೆಗೆ ಹೋದರೆ ಅತ್ತೆಯ ಹಿಂದೆ ಹೋಗಬೇಕು. ಗಂಡ ಗಡಿಯಲ್ಲಿದ್ದಷ್ಟೂ ವರ್ಷ ಅವಳು ಹಾಗೆ ಇದ್ದಳು. "ಅವ್ರು ಅಲ್ಲಿ ಕಾಯ್ತಿದ್ರು, ಅತ್ತೆ ಇಲ್ಲಿ ನನ್ನ ಕಾಯ್ತಿದ್ರು" ಎಂದು ನಗುತ್ತಿದ್ದಳು. ತವರಿಗೆ ಬಂದ ಮರುದಿನವೇ ಸೀರೆ ಎತ್ತಿ ಕಟ್ಟಿ ಹೊಳೆಗಿಳಿದಳು. ಗಂಡ ಸತ್ತವಳು ಹೀಗೆ ನಗುತ್ತ ನೀರಿಗಿಳಿಯುವುದೆಂತ ಎಂದು ಕೆಲವರು ಮೂಗು ಮುರಿದರು. ನಮ್ಮವ್ವ ಮಾತ್ರ ತನ್ನ ಬುಟ್ಟಿಯನ್ನು ಅವಳ ಬುಟ್ಟಿಯ ಪಕ್ಕ ಇಟ್ಟಳು.

ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ನಮ್ಮ ಕೇರಿಗೆ ಅದೇ ಮೊದಲ ಡಿಗ್ರಿ. ಅವ್ವ ಬಳಚು ಮಾರಿ ಓದಿಸಿದ ಡಿಗ್ರಿ, ಅದನ್ನು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ, ಹೆಮ್ಮೆಯೇ. ಕೇರಿಯವರ ಕಾಗದವೆಲ್ಲ ನನ್ನ ಹತ್ತಿರ ಬರುತ್ತಿತ್ತು. ಅಕ್ಕನ ಕಾಗದವೂ ಬಂತು. ಗಂಡನ ಪಿಂಚಣಿ ನಿಂತಿತ್ತು, ಹೆಂಡತಿಗೆ ಸಿಗಬೇಕಾದ ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದುದು ಮಗಳಿಗೆ ಮಾಜಿ ಸೈನಿಕನ ಮಗಳೆಂಬ ಒಂದು ಸರ್ಟಿಫಿಕೇಟು. ಹುಡುಗಿ ಪಿಯುಸಿಯಲ್ಲಿ ಚೆನ್ನಾಗಿ ಮಾಡಿದ್ದಳು, ನರ್ಸಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಳು. ಮಾಜಿ ಸೈನಿಕರ ಮಕ್ಕಳಿಗೆಂದು ಇರುವ ಸೀಟು ಸಿಕ್ಕರೆ ಮಾತ್ರ ಆ ಓದು, ಇಲ್ಲದಿದ್ದರೆ ತಾಯಿಯ ಜೊತೆ ಬುಟ್ಟಿ.

ಇಬ್ಬರೂ ಮಾಜಿ ಸೈನಿಕರ ಕೆಲಸ ನೋಡುವ ಆಫೀಸಿಗೆ ಹೋದೆವು. ಅಲ್ಲಿದ್ದವರು ತಾವೂ ಮಿಲಿಟರಿಯಲ್ಲಿದ್ದು ಬಂದವರು, ಒಳ್ಳೆಯ ಮನುಷ್ಯ. ಕಾಗದವನ್ನೆಲ್ಲ ತಿರುವಿ ನೋಡಿ ಕನ್ನಡಕ ತೆಗೆದರು.

"ಅಮ್ಮಾ, ಇಲ್ಲಿ ನೀವು ಇಬ್ಬರಿದ್ದೀರಿ. ಒಬ್ಬರಿಗೆ ಪಿಂಚಣಿ ಉಂಟು, ಆಧಾರ್ ಇಲ್ಲ. ಇನ್ನೊಬ್ಬರಿಗೆ ಆಧಾರ್ ಉಂಟು, ಗಂಡ ಇಲ್ಲ."

"ಗಂಡ ಇಬ್ಬರಿಗೂ ಇಲ್ಲ ಸಾಹೇಬ್ರೆ" ಎಂದಳು ಅಕ್ಕ. ಅವರು ನಗಬೇಕೋ ಬೇಡವೋ ತಿಳಿಯದೆ ಫೈಲು ನೋಡಿದರು. ಗಂಡಹೆಂಡಿರ ಜೋಡಿ ಫೋಟೋ ಅದರಲ್ಲಿತ್ತು. ಮುಖ ಅವಳದೇ, ಯಾರಿಗೂ ಅನುಮಾನವಿಲ್ಲ. ಆದರೆ ಬ್ಯಾಂಕು ಕೇಳುವುದು ಮುಖವನ್ನಲ್ಲ, ಹೆಸರನ್ನು. ಮಗಳ ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕಾದವಳೂ ತಾಯಿಯೇ, ಹಾಗಾಗಿ ಎರಡೂ ಹೆಸರು ಒಬ್ಬಳದೇ ಎಂದು ತಹಸೀಲ್ದಾರರಿಂದ ಬರೆಸಿ ತನ್ನಿ ಎಂದರು.

ಬಸ್ಸಿನಲ್ಲಿ ಬರುವಾಗ ಅಕ್ಕ ಕೇಳಿದಳು, "ಮದುವೆಲಿ ಕೊಟ್ಟ ಪಾತ್ರೆ ಮೇಲೆಲ್ಲ ಆ ಹೆಸ್ರು ಹೊಡ್ಸಿದ್ದಾರೆ. ತವರಿನ ಪಾತ್ರೆ ಮೇಲೆ ಈ ಹೆಸ್ರು ಉಂಟು. ಎರಡೂ ಚೀಲದಲ್ಲಿ ತುಂಬ್ಕಂಡು ಹೋಗಿ ತಹಸೀಲ್ದಾರರ ಮುಂದೆ ಸುರಿಯೂದೇ?" ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು.

ಆ ನಗು ಹೆಚ್ಚು ದಿನ ಬಾಳಲಿಲ್ಲ. ತಹಸೀಲ್ದಾರರು ಬರೆದುಕೊಡಬೇಕಾದರೆ ಗಂಡನ ಊರಿನಲ್ಲಿ ವಿಚಾರಣೆ ಆಗಬೇಕು, ಆ ಮನೆಯವರು, ಅಕ್ಕಪಕ್ಕದವರು ಹೌದು ಎನ್ನಬೇಕು. ಶಾನುಭೋಗರು ಹೋದಾಗ ಅತ್ತೆ ತಕರಾರು ಹೇಳಿದಳು. ಇವಳು ಯಾರೋ ನನಗೆ ಗೊತ್ತಿಲ್ಲ ಎಂದಳು. ಆ ಮನೆಯ ಅಂಗಳದಲ್ಲಿ ನಿಂತು ಅವಳ ಎದುರು ಮಾತಾಡಲು ನೆರೆಯವರಿಗೆ ಬಾಯಿ ಬರಲಿಲ್ಲ. ವಕೀಲರನ್ನು ಕೇಳಿದೆವು. ತಕರಾರು ಬಿದ್ದ ಮೇಲೆ ಕೋರ್ಟಿಗೇ ಹೋಗಬೇಕು, ಗೆಲ್ಲುವುದು ಖಂಡಿತ, ಯಾವಾಗ ಎಂದು ಮಾತ್ರ ಕೇಳಬೇಡಿ ಎಂದರು. ಸೀಟಿಗೆ ಅರ್ಜಿ ಹಾಕುವ ದಿನ ಹತ್ತಿರ ಬರುತ್ತಿತ್ತು.

ಕೊನೆಗೆ ನಾವೇ ಹೋದೆವು. ಅತ್ತೆ ನನಗೆ ಬೆಲ್ಲ ನೀರು ಕೊಟ್ಟು ಜಗಲಿಯ ಮೇಲೆ ಕೂರಿಸಿದಳು. ಅಕ್ಕ ಅಂಗಳದಲ್ಲೇ ನಿಂತಿದ್ದಳು. ಅವಳಿಗೆ ಕೂತ್ಕ ಎನ್ನಲಿಲ್ಲ.

"ಅಮ್ಮಾ, ನೀವು ಒಂದು ಮಾತು ಹೇಳಿದ್ರೆ ಆತು. ನಿಮ್ಮ ಮೊಮ್ಮಗಳ ಓದಿಗೆ" ಎಂದೆ.

"ಆ ಹೆಸ್ರು ನನ್ನ ಮಗ ಅಕ್ಕಿ ಮೇಲೆ ಬರದದ್ದು. ಅದು ಈ ಮನೆ ಹೆಸ್ರು. ಈ ಮನೆಲಿ ಇದ್ದವಳಿಗೆ ಅದು. ಹೊಳೆಲಿ ಬಳಚು ಹೆಕ್ಕೋಳು ಯಾರು ಅಂತ ನಂಗೆ ಗುರ್ತಿಲ್ಲ."

ಆಮೇಲೆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡದೆ ಹೇಳಿದಳು, "ಅವ ಹೋದ. ಇವ್ಳು ಹುಡುಗಿನ್ನೂ ತಕಂಡು ಹೋದ್ಳು. ನಾ ಯಾರ ಮುಖ ನೋಡೂದು?"

ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಆ ಮಾತು ಕೇಳಿದ ಮೇಲೆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗೋಡೆಯ ಮೇಲೆ ಯೂನಿಫಾರ್ಮಿನಲ್ಲಿದ್ದ ಮಗನ ಫೋಟೋ, ಅದಕ್ಕೆ ಅಂದೇ ಹಾಕಿದ ಅಬ್ಬಲಿಗೆ ಮಾಲೆ... ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಾಲೆ ಓರೆಯಾಗಿತ್ತು, ಸರಿಮಾಡಿದಳು. "ಆತು ಅತ್ತೆ. ಬರ್ತೆ" ಎಂದಳು. ಹೋಗಿ ಬರುತ್ತೇನೆ ಎಂದೋ, ಇಲ್ಲಿಗೇ ಬರುತ್ತೇನೆ ಎಂದೋ ನಾನು ಕೇಳಬೇಕಾಗಿರಲಿಲ್ಲ. ಮುದುಕಿಗೂ ಅರ್ಥವಾಗಿತ್ತು. ಎದ್ದು ಹೋಗಿ ಅವಳಿಗೂ ಒಂದು ಲೋಟ ನೀರು ತಂದಳು.

ಅತ್ತೆಯ ಮನೆಗೆ ವಾಪಸು ಹೋಗುವ ಹಿಂದಿನ ದಿನ ಅಕ್ಕ ಬೆಳಗಿನಿಂದ ಹೊಳೆಯಲ್ಲೇ ಇದ್ದಳು. ನೀರು ಏರಿ ಉಳಿದವರೆಲ್ಲ ದಂಡೆಗೆ ಬಂದರೂ ಬರಲಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತು ಸುಮ್ಮನೆ ಹೊಳೆಯ ಉದ್ದಕ್ಕೂ ಮೇಲೆ ಕೆಳಗೆ ನೋಡುತ್ತಿದ್ದಳು. ಸಂಜೆ ನಮ್ಮ ಮನೆಗೆ ಬಂದು ಈ ಡಬ್ಬಿ ಕೊಟ್ಟಳು. ಅದರಲ್ಲಿ ಉಪ್ಪು ಹಾಕಿ ಒಣಗಿಸಿದ ಬಳಚು ಇತ್ತು.

"ಇದ್ರ ಮೇಲೆ ನನ್ನ ಹಳೆ ಹೆಸ್ರು ಉಂಟು. ಅಲ್ಲಿ ಬ್ಯಾಡ. ನಿನ್ನ ಹತ್ರ ಇರ್ಲಿ, ಬಂದಾಗ ತಕಂತೆ."

ವಾರದೊಳಗೆ ಎಲ್ಲ ಕಾಗದವೂ ಆಯಿತು. ಅತ್ತೆಯೇ ಶಾನುಭೋಗರನ್ನು ಕರೆಸಿ ಹೌದೆಂದಳು. ಮುಂದೆ ಗೊಂದಲ ಬೇಡವೆಂದು ಆಧಾರ್‌ನಲ್ಲೂ ಹೊಸ ಹೆಸರನ್ನೇ ಮಾಡಿಸಿದೆವು. ಮಗಳಿಗೆ ಸೀಟು ಸಿಕ್ಕಿತು, ಪಿಂಚಣಿ ಶುರುವಾಯಿತು, ಆಸ್ಪತ್ರೆಯ ಕಾರ್ಡೂ ಬಂತು. ಸರ್ಕಾರ ಕೊಡಬೇಕಾದ್ದನ್ನು ಪೂರ್ತಿ ಕೊಟ್ಟಿತು. ಅದರಲ್ಲಿ ಸುಳ್ಳಿಲ್ಲ.

ಮಗಳು ನರ್ಸ್ ಆದ ಮೇಲೆ ನಾನು ಒಮ್ಮೆ ಫೋನಿನಲ್ಲಿ ಹೇಳಿದೆ, ಇನ್ನು ನೀನು ಎಲ್ಲಿದ್ದರೂ ಪಿಂಚಣಿ ನಿಲ್ಲುವುದಿಲ್ಲ, ಬಾ ಅಕ್ಕ ಎಂದು. ನವೆಂಬರ್ ತಿಂಗಳು. ಪಿಂಚಣಿಗಾಗಿ ವರ್ಷವರ್ಷದ ಹಾಗೆ, ಬದುಕಿದ್ದೇನೆ ಎಂದು ಬ್ಯಾಂಕಿನಲ್ಲಿ ತೋರಿಸಿ ಬಂದಿದ್ದಳು.

"ನಿನ್ನ ಕಾನೂನಲ್ಲಿ ನಿಲ್ಲೂದಿಲ್ಲ ತಂಗಿ. ಆದ್ರೆ ಮುದುಕಿ ಮತ್ತೆ ಯಾರು ಇವ್ಳು ಅಂದ್ರೆ? ಆ ಹೆದರಿಕೆ ಹೋಗೂದೇ ಇಲ್ಲ ಕಾಣು." ಮತ್ತೆ ಅವಳೇ, "ಈಗ ಹಾಸಿಗೆ ಹಿಡಿದಿದ್ದಾರೆ. ನಾನೇ ಅನ್ನ ಉಣ್ಸೂದು. ಹೆಸ್ರು ಹಿಡ್ದು ಕೂಗ್ತಾ ಇರ್ತಾರೆ, ಇಡೀ ದಿನ" ಎಂದಳು.

ಮುದುಕಿ ಹೋದಳು. ಅಷ್ಟರಲ್ಲಿ ಅಕ್ಕನ ತಾಯಿಯೂ ಇರಲಿಲ್ಲ, ತವರು ಮನೆಯನ್ನು ತಮ್ಮ ಬಾಡಿಗೆಗೆ ಕೊಟ್ಟಿದ್ದ. ಅಕ್ಕ ಅಲ್ಲೇ ಉಳಿದಳು. ಈಗ ಕಾಯುವವರು ಯಾರೂ ಇರಲಿಲ್ಲ, ಆದರೂ ಅಂಗಳ ದಾಟುತ್ತಿರಲಿಲ್ಲವಂತೆ. ಮಗಳು ತನ್ನ ಊರಿಗೆ ಕರೆದರೂ ಹೋಗಲಿಲ್ಲ.

ನಾನು ಅವಳನ್ನು ಕೊನೆಯ ಬಾರಿ ನೋಡಿದ್ದು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ. ಬೆನ್ನು ಹಾಕಿ ಕೂತಿದ್ದಳು, ಕೈಯಲ್ಲಿ ಔಷಧಿ ಚೀಲ. ಬೆನ್ನು ನೋಡಿಯೇ ಗುರುತು ಸಿಕ್ಕಿತು. ಅಕ್ಕ ಎಂದರೆ ಹತ್ತು ಜನ ತಿರುಗುತ್ತಾರೆಂದು, ಖುಷಿಯಲ್ಲಿ, ಈ ಡಬ್ಬಿಯ ಮೇಲಿರುವ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಮತ್ತೆ ಕೂಗಿದೆ. ಪಕ್ಕದಲ್ಲಿದ್ದ ಮೀನಿನ ಹೆಂಗಸು ತಿರುಗಿ ನೋಡಿದಳು, ಅಕ್ಕ ನೋಡಲಿಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿ ಎದ್ದಳು.

"ಅಯ್ಯೋ ನೀನೇ! ಕೂಗಿದ್ದು ಕೇಳ್ತು. ಯಾರನ್ನೋ ಕರೀತಿದ್ದಾರೆ ಅಂದ್ಕಂಡೆ."

ಅವ್ವನ ವಿಷಯ, ಮಕ್ಕಳ ವಿಷಯ ಎಲ್ಲ ಕೇಳಿದಳು. ಬಸ್ಸು ಬಂತು. ಡಬ್ಬಿಯ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು. ನನಗೆ ತಿಳಿದದ್ದು ತಡವಾಗಿ. ಹೋದಾಗ ಆ ಮನೆಯ ಗೋಡೆಯಲ್ಲಿ ಗಂಡನ ಪಕ್ಕ ಅವಳ ಫೋಟೋ ಇತ್ತು, ಕೆಳಗೆ ಅಕ್ಕಿಯ ಮೇಲೆ ಬರೆದ ಹೆಸರು. ಮಗಳಿಗೆ ಡಬ್ಬಿಯ ಸಂಗತಿ ಹೇಳಿದೆ. "ಇರಲಿ ಚಿಕ್ಕಮ್ಮ, ನಿಮ್ಮ ಹತ್ತಿರವೇ ಇರಲಿ. ಅಘನಾಶಿನಿಯ ಅಜ್ಜಿ ಹೋದ ಮೇಲೆ ನಾನು ಅಮ್ಮನನ್ನು ಆ ಹೆಸರಿನಿಂದ ಯಾರೂ ಕರೆದದ್ದು ಕೇಳಿಯೇ ಇಲ್ಲ" ಎಂದಳು.

ಭಾಭಿ ಕೊಟ್ಟ ಖರ್ಜೂರವನ್ನು ಬೇರೆ ಪಾತ್ರೆಗೆ ಸುರಿದು ಡಬ್ಬಿ ತೊಳೆದೆ. ಚುಕ್ಕೆಗಳು ಸವೆದಿವೆ, ಮೊದಲ ಅಕ್ಷರ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಒರೆಸಿ ಕಪಾಟಿನಲ್ಲಿಡಲು ಹೋದವಳು ಇಡಲಿಲ್ಲ. ಹಿತ್ತಿಲ ಗೋಡೆಯ ಹತ್ತಿರ ಹೋಗಿ ಭಾಭಿಯನ್ನು ಕರೆದೆ.

"ಆಗ ಕೇಳಿದ್ರಲ್ಲ, ಯಾರದು ಅಂತ..."

ಅವರು ಬಟ್ಟೆ ಒಣಹಾಕುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತರು. ನಾನು ಮೊದಲು ಹೆಸರು ಹೇಳಿದೆ.