ಮುಗಿಲಿನಿಂದ ಕೂಗಿದ ಚರಗ

ಹೋದ ವರ್ಷದ ಎಳ್ಳಮವಾಸ್ಯೆ. ಅಪ್ಪ ತೀರಿಕೊಂಡ ವರ್ಷ ನಾವು ಹೊಲದಲ್ಲಿ ಚರಗ ಚೆಲ್ಲಿರಲಿಲ್ಲ, ಹಾಗಾಗಿ ಇದು ಅಪ್ಪನಿಲ್ಲದ ಮೊದಲ ಚರಗ. ನಮ್ಮ ಕಡೆ ಆ ದಿನ ಬೆಳೆದು ನಿಂತ ಹೊಲಕ್ಕೆ ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚೆಲ್ಲಬೇಕು, ಹಿಂದಿನವರು ನೀರು ಚಿಮುಕಿಸುತ್ತ ‘ಚಲ್ಲಂಬರಿಗೋ’ ಎನ್ನಬೇಕು. ನಮ್ಮಲ್ಲಿ ಕೂಗುವುದು ಅಪ್ಪ, ಹಿಂದೆ ನೀರಿನ ತಂಬಿಗೆ ಹಿಡಿಯುವುದು ಅವ್ವ. ಅಪ್ಪ ಕೂಗಿದರೆ ಆಚೆ ಹೊಲದ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು.

ಈ ಸಲ ಯಾರು ಕೂಗಬೇಕು? ಅವ್ವ ಫೋನಿನಲ್ಲೇ ತೀರ್ಮಾನ ಹೇಳಿದಳು. “ನೀನ ಕೂಗಬೇಕವಾ. ನಿನ್ನ ತಮ್ಮ ಈರಣ್ಣನ ದನಿ ಬಾವ್ಯಾಗಿಂದ ಬಂದಂಗ ಬರ್ತೈತಿ. ನಿನಗ ನಿಮ್ಮಪ್ಪನ ಗಂಟಲಾ ಬಂದೈತಿ.”

ಈ ಗಂಟಲಿನಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದ ದಿನದಿಂದ ಅತ್ತೆ “ಮೆಲ್ಲಕ ಮಾತಾಡವಾ, ಬಜಾರ ಮಂದಿಯೆಲ್ಲಾ ಕೇಳ್ತೈತಿ” ಎಂದು ಹೇಳಿ ಹೇಳಿ, ಈಗ ನನ್ನ ಟೇಲರಿಂಗ್ ಅಂಗಡಿಯಲ್ಲಿ ಬ್ಲೌಸಿನ ಅಳತೆ ಕೇಳುವುದೂ ಪಿಸುಮಾತಿನಲ್ಲೇ. ಹೊಲದಲ್ಲಿ ಬಂಧುಬಳಗದ ಎದುರು ದನಿಯೇ ಏಳದಿದ್ದರೆ ಏನು ಗತಿ? ಅವ್ವ ಬೆನ್ನ ಹಿಂದೆ ತಂಬಿಗೆ ಹಿಡಿದು ಕಾಯುತ್ತ ನಿಂತಿರುತ್ತಾಳೆ. ಅದೊಂದೇ ಚಿಂತೆಯಲ್ಲಿ ತವರಿಗೆ ಬಂದೆ.

ನನ್ನ ತಮ್ಮ ಈರಣ್ಣ ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಎಲ್ಲಿಯೋ ಹೋಗಿ ಪ್ಯಾರಾಗ್ಲೈಡಿಂಗ್ ಕಲಿತು, ಇಬ್ಬರನ್ನು ಹೊರುವ ದೊಡ್ಡ ಬಟ್ಟೆಯ ರೆಕ್ಕೆಯನ್ನೂ ತಂದಿದ್ದ. ಹಬ್ಬದ ದಿನ ಮುಂಜಾನೆ ನನ್ನ ಮುಖ ನೋಡಿ, “ಅಕ್ಕಾ, ನಡಿ, ಗುಡ್ಡ ಹತ್ತೂಣು. ಚರಗದ ಹೊತ್ತಿಗೆ ಹಾರಿಕೊಂಡ ಇಳಿಯೂಣಂತ” ಎಂದ. ಮನೆಯಲ್ಲಿ ಕೂತು ಒದ್ದಾಡುವುದಕ್ಕಿಂತ ಇದೇ ವಾಸಿ ಎನಿಸಿತು.

ನಮ್ಮ ಹೊಲದ ಹಿಂದಿನದು ಬೋಳು ಗುಡ್ಡ, ಬರೀ ಕಲ್ಲು ಮತ್ತು ಬಾದೆ ಹುಲ್ಲು. ಈರಣ್ಣ ದೊಡ್ಡ ಚೀಲ ಹೊತ್ತು ಮುಂದೆ, ನಾನು ಅವನು ತಂದುಕೊಟ್ಟ ಬೂಟು ಹಾಕಿಕೊಂಡು ಏದುಸಿರು ಬಿಡುತ್ತ ಹಿಂದೆ. ಮೇಲೆ ಹೋಗಿ ನಿಂತರೆ ಕಪ್ಪತಗುಡ್ಡದ ಕಡೆಯ ಗಾಳಿಗಿರಣಿಗಳು ತಿರುಗುವುದು ಕಾಣುತ್ತಿತ್ತು. ಅವನು ರೆಕ್ಕೆ ಹರಡಿದ. ನಾನು ಕೂತು ಅದರ ಹೊಲಿಗೆ ನೋಡಿದೆ. ಸಣ್ಣ ಟಾಕಿ, ಎಲ್ಲೂ ತಪ್ಪಿರಲಿಲ್ಲ. ಹೊಲಿದವರ ಕೈ ಚೊಕ್ಕ ಇದೆ ಎಂದು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು.

ಆದರೆ ಗಾಳಿ ಎದುರಿನಿಂದ ಬೀಸಬೇಕು, ಅದು ಹಿಂದಿನಿಂದ ಬೀಸುತ್ತಿತ್ತು. ಕಾದೆವು, ಕಾದೆವು. ಬಿಸಿಲೇರಿತು. ಅವ್ವನ ಫೋನು ಬಂತು. “ಅಡಿಗಿ ಆರಾಕತ್ತೈತಿ, ಮಂದಿ ಹಸಗೊಂಡು ಕುಂತಾರ. ನೀವು ಹಕ್ಕಿ ಆದ್ರ್ಯೋ ಇಲ್ಲೋ?” ಬೇರೆ ಯಾರಾದರೂ ಚೆಲ್ಲಲಿ ಎಂದೆ. “ನೀ ಬರೂತನಕ ನಾ ತಂಬಗಿ ಎತ್ತಂಗಿಲ್ಲ” ಎಂದು ಫೋನಿಟ್ಟಳು.

ನಡೆದೇ ಇಳಿಯೋಣ ಎಂದು ಏಳುವಷ್ಟರಲ್ಲಿ ಗಾಳಿ ತಿರುಗಿತು. ಈರಣ್ಣ ನನ್ನನ್ನು ತನ್ನ ಮುಂದೆ ಬೆಲ್ಟಿನಿಂದ ಬಿಗಿದು, “ಓಡು ಅಕ್ಕಾ, ನಿಲ್ಲಬ್ಯಾಡ” ಎಂದ. ಕಣ್ಣು ಮುಚ್ಚಿ ಓಡಿದೆ. ಓಡುತ್ತಲೇ ಇದ್ದೆ. “ಸಾಕು ಬಿಡಬೇ ಅಕ್ಕಾ, ನೆಲ ಮುಗದು ಭಾಳ ಹೊತ್ತಾತು” ಎಂದು ಅವನು ನಕ್ಕಾಗ ಕಣ್ಣು ಬಿಟ್ಟೆ.

ಕೆಳಗೆ ಬಿಳಿಜೋಳ, ಕಡಲೆ, ಕುಸುಬೆಯ ಹೊಲಗಳು ಪಟ್ಟಿ ಪಟ್ಟಿಯಾಗಿ ಹರಡಿದ್ದವು. ನಮ್ಮ ಬನ್ನಿಗಿಡದ ಬುಡದಲ್ಲಿ ಮಂದಿ ಎದ್ದು ನಿಂತು ಕೈ ಮಾಡುತ್ತಿದ್ದರು. ಅವ್ವನ ಹಸಿರು ಸೀರೆ ಗುರುತು ಸಿಕ್ಕಿತು. ಹೆದರಿಕೆ ಎಲ್ಲಿ ಹೋಯಿತೋ, ನನಗೆ ನಗು ತಡೆಯಲಾಗಲಿಲ್ಲ.

“ಈಗ ಕೂಗು,” ಎಂದ ಈರಣ್ಣ ಹಿಂದಿನಿಂದ. “ಇಲ್ಲಿ ನಿನ್ನ ಬಾಯಿ ಮುಚ್ಚಸಾಕ ಯಾರದಾರ?”

ಮೊದಲ ಸಲ ಬರೀ ಗಾಳಿ ಬಂತು. ಎರಡನೇ ಸಲ ಉಸಿರು ಎಳೆದುಕೊಂಡು ‘ಹುಲ್ಲುಲ್ಲಿಗೋ’ ಎಂದು ಕೂಗಿದೆ. ಆ ದನಿ ಕೇಳಿ ನನಗೇ ಮೈ ಜುಮ್ಮೆಂದಿತು. ಥೇಟ್ ಅಪ್ಪನದು. ಕೆಳಗಿನಿಂದ ಸಣ್ಣಗೆ ‘ಚಲ್ಲಂಬರಿಗೋ’ ಎಂದು ಕೇಳಿಸಿತು. ಅವ್ವ ತಂಬಿಗೆ ಎತ್ತಿದ್ದಳು. ನನ್ನ ಕಣ್ಣು ಮಂಜಾದವು, ಹಿಂದೆ ಈರಣ್ಣನೂ ಮೂಗು ಎಳೆದುಕೊಂಡ.

ಅಷ್ಟರಲ್ಲಿ ಗಾಳಿ ಕಡಿಮೆಯಾಯಿತು. “ಇಳೀಬೇಕಂದಿದ್ದ ಆ ಬೀಳು ಹೊಲದ ತನಕ ಹೋಗಂಗಿಲ್ಲ. ನಮ್ಮ ಹೊಲದಾಗ ಇಳಿಸ್ತೀನಿ, ಕಡ್ಲಿ ಬದುವಿಗೆ” ಎಂದ. ನನ್ನ ಕೈ ತಾನಾಗಿಯೇ ಬೂಟಿನ ದಾರಕ್ಕೆ ಹೋಯಿತು.

“ಅಕ್ಕಾ, ಏನ್ ಮಾಡಾಕತ್ತಿ?”

“ಬೂಟು ಬಿಚ್ಚಾಕತ್ತೀನಿ. ಚರಗದ ದಿನ ಹೊಲಕ್ಕ ಕೆರವು ಮೆಟ್ಟಿ ಇಳೀತಾರೇನಲೇ?”

“ಕಾಲು ಮುರೀತೈತಿ, ಬಿಡು ಅದನ್ನ” ಎಂದು ಅವನು ಒದರುವಷ್ಟರಲ್ಲಿ ಎಡಗಾಲಿನ ಬೂಟು ಕಳಚಿ ಪಕ್ಕದವರ ಜೋಳದಲ್ಲಿ ಬಿತ್ತು. ಬಲಗಾಲಿನದಕ್ಕೆ ಗಂಟು ಬಿದ್ದಿತ್ತು. ಒಂದು ಕಾಲಲ್ಲಿ ಬೂಟು, ಒಂದು ಬರಿಗಾಲು, ಹಾಗೇ ಬದುವಿನ ಮೇಲೆ ನಾಲ್ಕು ಹೆಜ್ಜೆ ಕುಂಟುತ್ತ ಓಡಿ ಕಡಲೆಯಲ್ಲಿ ಕುಕ್ಕರಿಸಿದೆ. ಈರಣ್ಣ ನನ್ನ ಮೇಲೆ, ರೆಕ್ಕೆ ಇಬ್ಬರ ಮೇಲೆ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಅವ್ವ ಬಂದು ಬಟ್ಟೆ ಸರಿಸಿ ನನ್ನ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿದಳು. ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ, “ಮೊದಲ ಆ ಇನ್ನೊಂದು ಬೂಟ ಕಳಿ” ಎಂದು ಬೈದಳು. ಚರಗದ ಬುಟ್ಟಿಯನ್ನು ನನ್ನ ಕೈಗಿಟ್ಟಳು.

“ಕೂಗಿದ್ನಲ್ಲಬೇ ಮ್ಯಾಲಿಂದ” ಎಂದೆ.

“ಅದು ನಿಮ್ಮಪ್ಪಗ ಮುಟ್ಟಿತು. ಈಗ ಹೊಲಕ್ಕ ಕೂಗು, ನಡಿ.”

ಮುಂದೆ ನಾನು, ಹಿಂದೆ ಅವ್ವ. ಹೊಲದ ಸುತ್ತ ಕೂಗುತ್ತ ಹೋದೆ. ಮೂಡಣ ಬದುವಿನ ಹತ್ತಿರ ಅವ್ವನ ದನಿ ಒಡೆಯಿತು, ಉತ್ತರ ಬರಲಿಲ್ಲ. ನಾನು ತಿರುಗಿ ನೋಡದೆ ಇನ್ನೂ ಜೋರಾಗಿ ಕೂಗಿದೆ. ಆಗ ನನ್ನ ಬೆನ್ನಿಗೆ ತಂಬಿಗೆಯ ತಣ್ಣೀರು ಬಿತ್ತು, ದನಿಯೂ ಬಂತು.

ಸುಗ್ಗಿಯಲ್ಲಿ ಜೋಳ ಕಿತ್ತಾಗ ಪಕ್ಕದ ಹೊಲದವರು ಆ ಬೂಟನ್ನು ಅವ್ವನ ಕೈಗೆ ಮುಟ್ಟಿಸಿದರಂತೆ. ಅಂಗಡಿಯಲ್ಲಿ ಈಗ ನಾನು ಬಾಯಿ ತುಂಬ ಮಾತಾಡುತ್ತೇನೆ, ಅತ್ತೆಯೂ ಮೊದಲಿನಷ್ಟು ಅನ್ನುವುದಿಲ್ಲ. ಈ ವರ್ಷವೂ ನಾನೇ ಕೂಗಬೇಕು ಎಂದು ಅವ್ವ ಈಗಲೇ ಹೇಳಿಟ್ಟಿದ್ದಾಳೆ. ಬೇಕಾದರೆ ಗುಡ್ಡದಿಂದ ಹಾರಿ ಬಾ, ಆದರೆ ಬೂಟು ಅಲ್ಲೇ ಬಿಟ್ಟು ಬಾ ಎಂದೂ ಹೇಳಿದ್ದಾಳೆ.